ವಿಹಾರದಿಂದ ಗೃಹಸ್ಥರೆಡೆಗೆ: ಮಾಕಳಿ ಪರಿಸರದ ಬೌದ್ಧ ಧ್ಯಾನಪರಂಪರೆ

ಕರ್ನಾಟಕದ ಬೌದ್ಧ ಚರಿತ್ರೆಯು ಬ್ರಹ್ಮಗಿರಿ, ಮಸ್ಕಿಗಳ ಅಶೋಕ ಶಾಸನಗಳಷ್ಟು ಪ್ರಾಚೀನವಾದುದು. ಡಂಬಳದ ಕ್ರಿ.ಶ. 1095ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನು ಉಲ್ಲೇಖಿಸುತ್ತದೆ. ಅಲ್ಲಿ ದಾನ ಗೃಹಸ್ಥರದು, ಸಾಧನೆ ಭಿಕ್ಷುಗಳದು. ಥಾಯ್ಲೆಂಡಿನಲ್ಲಿ ಇಂದಿಗೂ ಸ್ಥೂಲವಾಗಿ ಇದೇ ಏರ್ಪಾಡಿದೆ. ಊರಿನ ವಿಹಾರವಾದ ‘ವಾಟ್’ ಭಿಕ್ಷುಗಳ ನೆಲೆ. ಮುಂಜಾನೆಯ ಭಿಕ್ಷಾಟನೆ ಅದನ್ನು ಮನೆಮನೆಗೂ ಬೆಸೆಯುತ್ತದೆ. ಯುವಕರು ಕೆಲಕಾಲ ಚೀವರ ತೊಟ್ಟು ಅಲ್ಲಿದ್ದು ಮರಳುವ ವಾಡಿಕೆಯೂ ಉಂಟು. ಧ್ಯಾನಮಾರ್ಗಕ್ಕೆ ಹೆಸರಾದ ಅಜಾನ್ ಚಾ (1918–1992) ಅರಣ್ಯವಾಸಿ ಭಿಕ್ಷುವೇ ಆಗಿದ್ದರು.

ಕೈಗಾರಿಕೆಗಳು ಬೆಳೆದ ತುಮಕೂರು ರಸ್ತೆಯಲ್ಲಿ, ಮಾಕಳಿಗೆ ಸಮೀಪದ ಆಲೂರಿನಲ್ಲಿರುವ ವಿಪಶ್ಯನಾ ಕೇಂದ್ರ ‘ಧಮ್ಮ ಪಫುಲ್ಲ’ದ ಪರಂಪರೆ ಇದಕ್ಕಿಂತ ಭಿನ್ನವಾದುದು. ಅದು ಬರ್ಮಾದಿಂದ ಗೃಹಸ್ಥರ ಮೂಲಕ ಬಂದಿತು. ಆ ದೇಶದ ಮಹಾಲೇಖಪಾಲರಾಗಿದ್ದ ಊ ಬಾ ಖಿನ್ ಅವರಿಂದ ಕಲಿತ ವ್ಯಾಪಾರಿ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತದಲ್ಲಿ ಶಿಬಿರಗಳನ್ನು ಆರಂಭಿಸಿದರು. ಹತ್ತು ದಿನಗಳ ಶಿಬಿರದಲ್ಲಿ ಪಂಚಶೀಲ, ಮೌನಗಳ ಪಾಲನೆ; ಮೊದಲು ಉಸಿರಾಟದ ಅವಲೋಕನ, ಬಳಿಕ ದೇಹದ ಸಂವೇದನೆಗಳನ್ನು ಸಮಚಿತ್ತದಿಂದ ಗಮನಿಸುವ ಅಭ್ಯಾಸ. ಶುಲ್ಕವಿಲ್ಲ, ಹಿಂದಿನ ಸಾಧಕರ ದಾನವೇ ಆಧಾರ.

ಡಂಬಳದಲ್ಲಿ ದಾನಿಗಳಷ್ಟೇ ಆಗಿದ್ದ ಗೃಹಸ್ಥರು ಇಲ್ಲಿ ಸಾಧಕರೂ ಆಗಿದ್ದಾರೆ. ಆದರೆ ಶಿಬಿರ ಮುಗಿದೊಡನೆ ಅವರು ಚದುರುತ್ತಾರೆ. ವಾಟ್‌ಗೆ ಊರಿನೊಡನಿರುವ ನಿತ್ಯಸಂಬಂಧ ಇಲ್ಲಿಲ್ಲ. ವಿಹಾರಗಳನ್ನು ನೆಚ್ಚಿದ್ದ ಸಾಧನೆಯು ಅವು ಅಳಿದಾಗ ಕನ್ನಡನಾಡಿನಲ್ಲಿ ಮರೆಯಾಯಿತು. ಈ ಹೊಸ ಪರಂಪರೆಯ ಬಾಳಿಕೆ ಕಟ್ಟಡವನ್ನಲ್ಲ, ಮನೆಗೆ ಮರಳಿದವರ ದಿನನಿತ್ಯದ ಅಭ್ಯಾಸವನ್ನು ಅವಲಂಬಿಸಿದೆ.