ಅಡುಗೆಮನೆಯಿಂದ ಎದ್ದ ಆಕ್ಷೇಪ

ಸ್ಯಾನ್ ಫ್ರಾನ್ಸಿಸ್ಕೋದ ಸಿರಿವಂತರ ಮನೆ. ಅತಿಥಿಗೆ ಕೊಟ್ಟ ಕೋಣೆಯಲ್ಲಿ ಡಾಕ್ಟರ್ ಜಾನ್ ಪ್ರೆಂಟಿಸ್ ಅಂಗಿ ಬದಲಿಸುತ್ತಿದ್ದಾನೆ. ಒಳಬಂದ ಮನೆಗೆಲಸದ ಟಿಲ್ಲಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಜಾಡಿಸುತ್ತಾಳೆ. ಈ ಮನೆಯ ಹುಡುಗಿಯನ್ನು ಕೂಸಾಗಿದ್ದಾಗಿನಿಂದ ಸಾಕಿದವಳು ತಾನು, ನಯವಾಗಿ ಮಾತಾಡಿಕೊಂಡು ಮೇಲೇರಲು ಬಂದವನ ಆಟ ತನ್ನೆದುರು ನಡೆಯದು ಎಂಬುದು ಅವಳ ಮಾತಿನ ತಾತ್ಪರ್ಯ. ಜಾನ್ ಕಪ್ಪು ಜನಾಂಗದವನು. ಟಿಲ್ಲಿಯೂ ಅಷ್ಟೇ. ಹುಡುಗಿ ಜೋಯಿ ಬಿಳಿಯಳು.

ಸ್ಟ್ಯಾನ್ಲಿ ಕ್ರೇಮರ್ ನಿರ್ದೇಶಿಸಿದ 'ಗೆಸ್ ಹೂಸ್ ಕಮಿಂಗ್ ಟು ಡಿನ್ನರ್' (1967) ಬಿಳಿ-ಕಪ್ಪು ಪ್ರೇಮವನ್ನು ಅಮೆರಿಕದ ಮಧ್ಯಮವರ್ಗದ ಊಟದ ಮೇಜಿಗೆ ತಂದ ಚಿತ್ರವೆಂದು ಹೆಸರಾಗಿದೆ. ಆ ಹೆಸರು ಅದಕ್ಕೆ ಸಲ್ಲಬೇಕಾದದ್ದೇ. ಆದರೆ ಇಡೀ ಚಿತ್ರದಲ್ಲಿ ಈ ಮದುವೆಯನ್ನು ಅತ್ಯಂತ ಒರಟಾಗಿ, ಬಾಯಿಬಿಟ್ಟು ಹಳಿಯುವವಳು ಒಬ್ಬ ಕಪ್ಪು ಕೆಲಸದಾಕೆ. ಇದು ಆಕಸ್ಮಿಕವಲ್ಲ. ಯಜಮಾನರ ಮನೆಯಲ್ಲಿ ಗದರುವ ಹಕ್ಕನ್ನು ಹಾಲಿವುಡ್ ಕಪ್ಪು ಕೆಲಸದಾಕೆಗೆ ಬಹಳ ಹಿಂದೆಯೇ ಕೊಟ್ಟಿತ್ತು. ಷರತ್ತು ಒಂದೇ: ಗದರುವುದು ಆ ಮನೆಯ ಪರವಾಗಿರಬೇಕು.

ಈ ವಂಶದ ಮೂಲ ಡಿ.ಡಬ್ಲ್ಯು. ಗ್ರಿಫಿತ್‌ನ 'ದಿ ಬರ್ತ್ ಆಫ್ ಎ ನೇಷನ್' (1915). ಬಿಳಿ ಹುಡುಗಿಯ ಬೆನ್ನುಹತ್ತುವ ಕಪ್ಪು ಸೈನಿಕನನ್ನು ರಾಕ್ಷಸನಂತೆ ತೋರಿಸಿದ ಅದೇ ಚಿತ್ರ, ಧಣಿಗಳ ಮನೆಗಾಗಿ ತನ್ನ ಜನರ ಮೇಲೆಯೇ ಕೈಮಾಡುವ 'ಮ್ಯಾಮಿ'ಯನ್ನೂ ತೋರಿಸಿತು. ಅವಳ ಪಾತ್ರ ಮಾಡಿದ್ದು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟಿ. ಈ ನಿಷ್ಠಾವಂತ ಸಾಕುತಾಯಿಯ ಕಲ್ಪನೆ ಎಷ್ಟು ಬಲವಾಗಿತ್ತೆಂದರೆ, 1923ರಲ್ಲಿ ವಾಷಿಂಗ್ಟನ್‌ನಲ್ಲಿ ಅವಳಿಗೊಂದು ಸ್ಮಾರಕ ಕಟ್ಟುವ ಮಸೂದೆಗೆ ಅಮೆರಿಕದ ಸೆನೆಟ್ ಒಪ್ಪಿಗೆಯನ್ನೂ ಕೊಟ್ಟಿತು. ಕಪ್ಪು ಜನರ ಪತ್ರಿಕೆಗಳು ಕಿಡಿಕಾರಿದವು. ಕೆಳಮನೆಯಲ್ಲಿ ಅದು ಬಿದ್ದುಹೋಯಿತು. ದಕ್ಷಿಣದ ಊರುಗಳಲ್ಲಿ ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುತ್ತಿದ್ದ ಕಾಲವದು.

1930ರಲ್ಲಿ ಬರೆದು 1934ರಿಂದ ಬಿಗಿಯಾಗಿ ಜಾರಿಗೆ ತಂದ ಹಾಲಿವುಡ್‌ನ ನೀತಿಸಂಹಿತೆ ಬಿಳಿಯರು ಮತ್ತು ಕಪ್ಪು ಜನರ ದೈಹಿಕ ಸಂಬಂಧವನ್ನು ತೆರೆಯಿಂದ ಹೊರಗಿಟ್ಟಿತು. ಆ ನಿರ್ಬಂಧ ತೆಗೆದುಹಾಕಿದ್ದು 1956ರಲ್ಲಿ. ಹಾಗಾಗಿ ಎರಡು ದಶಕಗಳ ಕಾಲ ಕಪ್ಪು ಹೆಂಗಸಿಗೆ ತೆರೆಯ ಮೇಲೆ ಸಿಕ್ಕಿದ್ದು ಪ್ರಣಯವಲ್ಲ, ಏಪ್ರನ್ನು. 'ಇಮಿಟೇಷನ್ ಆಫ್ ಲೈಫ್' (1934) ಚಿತ್ರದಲ್ಲಿ ಲೂಯಿಸ್ ಬೀವರ್ಸ್ ಮಾಡಿದ ಡೆಲೈಲಾ ತನ್ನ ಪ್ಯಾನ್‌ಕೇಕಿನ ಪಾಕವನ್ನು ಯಜಮಾನಿಗೆ ಒಪ್ಪಿಸುತ್ತಾಳೆ. ಅದರಿಂದ ಕಂಪನಿಯೇ ಎದ್ದಾಗ ಶೇ. 20ರ ಪಾಲು ಕೊಡುತ್ತೇವೆಂದರೂ ಸ್ವಂತ ಮನೆ ಬೇಡ, ನಿಮ್ಮಲ್ಲೇ ಇರುತ್ತೇನೆ ಎನ್ನುತ್ತಾಳೆ. ಅವಳ ಮಗಳು ಪಿಯೋಲಾ ಬಿಳಿಯಳಂತೆ ಕಾಣುವವಳು. ಸೆನ್ಸಾರಿನವರಿಗೆ ತಲೆನೋವಾದದ್ದು ಈ ಮಗಳೇ. ಕಥೆಯಲ್ಲಿ ಪ್ರೇಮವಿರದಿದ್ದರೇನು, ಅವಳ ಮೈಬಣ್ಣವೇ ನಿಷೇಧಿತ ಸಂಬಂಧಕ್ಕೆ ಸಾಕ್ಷಿಯಲ್ಲವೇ?

ಮರುವರ್ಷದ 'ಆಲಿಸ್ ಆಡಮ್ಸ್' ಚಿತ್ರದಲ್ಲಿ ಬಡ ಬಿಳಿ ಕುಟುಂಬವೊಂದು, ಮಗಳನ್ನು ನೋಡಲು ಬರುವ ಶ್ರೀಮಂತ ಹುಡುಗನೆದುರು ಡೌಲು ತೋರಿಸಲು ಒಂದು ಸಂಜೆಯ ಮಟ್ಟಿಗೆ ಕಪ್ಪು ಕೆಲಸದಾಕೆಯನ್ನು ಕರೆಸುತ್ತದೆ. ಮಗಳು ಕ್ಯಾಥರೀನ್ ಹೆಪ್‌ಬರ್ನ್, ಕೆಲಸದಾಕೆ ಹ್ಯಾಟಿ ಮ್ಯಾಕ್‌ಡೇನಿಯಲ್. ಗಮ್ ಅಗಿಯುತ್ತ, ಟೋಪಿ ಜಾರಿದರೂ ಲೆಕ್ಕಿಸದೆ ಆಕೆ ಬಡಿಸುವ ರೀತಿಯಲ್ಲಿ ಆ ಮನೆಯ ಬಡಾಯಿಯ ಬಗ್ಗೆ ಇರುವ ತಾತ್ಸಾರ ಒಂದೂ ಮಾತಿಲ್ಲದೆ ಗೊತ್ತಾಗುತ್ತದೆ. ಮನೆಯ ಪರವಲ್ಲದ ಆಕ್ಷೇಪವನ್ನು ನಟಿಯೊಬ್ಬಳು ಹೀಗೆ ಕಳ್ಳಮಾಲಿನಂತೆ ಒಳತಂದದ್ದು ಅಪರೂಪ. ಮೂವತ್ತೆರಡು ವರ್ಷಗಳ ಮೇಲೆ ಇದೇ ಹೆಪ್‌ಬರ್ನ್ ಟಿಲ್ಲಿಯ ಯಜಮಾನಿಯಾಗುತ್ತಾರೆ.

'ಗಾನ್ ವಿತ್ ದಿ ವಿಂಡ್' (1939) ಚಿತ್ರದ ಮ್ಯಾಮಿಯಾಗಿ ಮ್ಯಾಕ್‌ಡೇನಿಯಲ್ ಮತ್ತೆ ಹಳೆಯ ಷರತ್ತಿನೊಳಗೆ ಬಂದರು. ಆ ಮ್ಯಾಮಿ ಇಡೀ ಚಿತ್ರದುದ್ದಕ್ಕೂ ಗದರುತ್ತಾಳೆ, ಆದರೆ ಸ್ಕಾರ್ಲೆಟ್ ಧಣಿ ಮನೆತನದ ಮರ್ಯಾದೆಗೆ ತಕ್ಕಂತೆ ನಡೆಯುತ್ತಿಲ್ಲವೆಂದು. ಆ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಬಂತು. ಕಪ್ಪು ಕಲಾವಿದರಿಗೆ ಸಂದ ಮೊದಲ ಆಸ್ಕರ್. ಸಮಾರಂಭ ನಡೆದ ಹೋಟೆಲಿನಲ್ಲಿ ಆಕೆಯನ್ನು ಚಿತ್ರತಂಡದಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದರು. ಅಟ್ಲಾಂಟಾದ ಮೊದಲ ಪ್ರದರ್ಶನಕ್ಕಂತೂ ಆಕೆ ಹೋಗುವಂತೆಯೇ ಇರಲಿಲ್ಲ.

ಯುದ್ಧದ ನಂತರ ದನಿ ಸ್ವಲ್ಪ ಬದಲಾಯಿತು. ಎಲಿಯಾ ಕಜಾನ್‌ನ 'ಪಿಂಕಿ' (1949) ಬಿಳಿಯಳೆಂದು ಹೇಳಿಕೊಂಡು ಬಿಳಿಯ ವೈದ್ಯನನ್ನು ಪ್ರೀತಿಸಿದ ನರ್ಸಿನ ಕಥೆ. ಬಟ್ಟೆ ಒಗೆದು ಮೊಮ್ಮಗಳನ್ನು ಓದಿಸಿದ ಅಜ್ಜಿ ಡೈಸಿಗೆ ಈ ಸುಳ್ಳನ್ನು ಸಹಿಸಲಾಗುವುದಿಲ್ಲ. ಮೊಮ್ಮಗಳನ್ನು ಮಂಡಿಯೂರಿಸಿ ದೇವರ ಕ್ಷಮೆ ಕೇಳಿಸುತ್ತಾಳೆ. ಎತೆಲ್ ವಾಟರ್ಸ್ ಅಭಿನಯದಲ್ಲಿ ಈ ವಿರೋಧಕ್ಕೊಂದು ಒಳಗಿನ ಕಾರಣವಿದೆ: ಅಜ್ಜಿಯನ್ನು ಅಲ್ಲಗಳೆಯದೆ ಪಿಂಕಿ ಆ ಮದುವೆಯಾಗುವಂತಿಲ್ಲ. ಪಿಂಕಿಯ ಪಾತ್ರಕ್ಕೆ ಮಾತ್ರ ಬಿಳಿಯ ನಟಿ ಜೀನ್ ಕ್ರೇನ್ ಬಂದರು. ಕಪ್ಪು ನಟಿ ಬಿಳಿಯ ನಟನ ತೋಳಿನಲ್ಲಿರುವುದು ಆಗ ಆಗದ ಮಾತು. ಇಷ್ಟಾದರೂ ಟೆಕ್ಸಸ್‌ನ ಮಾರ್ಷಲ್ ಪಟ್ಟಣ ಚಿತ್ರವನ್ನು ತಡೆಯಿತು. 1952ರಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ಅಸಿಂಧು ಮಾಡಬೇಕಾಯಿತು.

ಡಗ್ಲಸ್ ಸರ್ಕ್ 1959ರಲ್ಲಿ 'ಇಮಿಟೇಷನ್ ಆಫ್ ಲೈಫ್' ಅನ್ನು ಮತ್ತೆ ತೆಗೆದಾಗ ವಾನೀಟಾ ಮೂರ್ ಮಾಡಿದ ಆ್ಯನಿಗೆ ಒಂದು ಅಮೂಲ್ಯ ಗಳಿಗೆ ಸಿಕ್ಕಿತು. ನಿನಗೆ ಇಷ್ಟೊಂದು ಸ್ನೇಹಿತರಿದ್ದಾರೆಂದು ಗೊತ್ತೇ ಇರಲಿಲ್ಲವಲ್ಲ ಎಂದು ಯಜಮಾನಿ ಅಚ್ಚರಿಪಟ್ಟರೆ, ನೀವು ಕೇಳಿದ್ದೇ ಇಲ್ಲವಲ್ಲ ಎನ್ನುತ್ತಾಳೆ ಆ್ಯನಿ. ದೂರಿಲ್ಲ, ಸಿಟ್ಟಿಲ್ಲ. ನನ್ನ ಮಟ್ಟಿಗೆ ಇಡೀ ಪರಂಪರೆಯಲ್ಲಿ ಇದಕ್ಕಿಂತ ಹರಿತವಾದ ಮಾತಿಲ್ಲ.

ಇತ್ತ ಪ್ರೇಮಕಥೆಗಳು ಅಳುಕುತ್ತ ಮುಂದೆ ಬಂದವು. 'ಐಲೆಂಡ್ ಇನ್ ದಿ ಸನ್' (1957) ಚಿತ್ರದಲ್ಲಿ ಹ್ಯಾರಿ ಬೆಲಫಾಂಟೆ ಮತ್ತು ಜೋನ್ ಫಾಂಟೇನ್ ಪ್ರೀತಿಸುತ್ತಾರೆ, ಮುತ್ತಿಡುವುದಿಲ್ಲ. ಸಣ್ಣ ಬಂಡವಾಳದ 'ಒನ್ ಪೊಟೇಟೊ, ಟೂ ಪೊಟೇಟೊ' (1964) ಇವೆಲ್ಲಕ್ಕಿಂತ ದಿಟ್ಟ: ಕಪ್ಪು ಪುರುಷನನ್ನು ಮದುವೆಯಾದ ಬಿಳಿ ಹೆಂಗಸು ಮೊದಲ ಗಂಡನಿಂದ ಪಡೆದ ಮಗಳನ್ನು ನ್ಯಾಯಾಲಯದಲ್ಲಿ ಕಳೆದುಕೊಳ್ಳುತ್ತಾಳೆ. ಈ ಚಿತ್ರವನ್ನು ಇಂದು ಯಾರೂ ನೆನೆಯದಿರುವುದು ಅನ್ಯಾಯ.

ಕ್ರೇಮರ್‌ನ ಚಿತ್ರ ಬಂದ ವರ್ಷವೇ ವಿಶೇಷ. ಜೂನ್ 10ರಂದು, ಚಿತ್ರೀಕರಣ ಮುಗಿಸಿ ಎರಡೂವರೆ ವಾರವಾಗುವಷ್ಟರಲ್ಲಿ, ಯಜಮಾನನ ಪಾತ್ರದ ಸ್ಪೆನ್ಸರ್ ಟ್ರೇಸಿ ತೀರಿಕೊಂಡರು. ಜೂನ್ 12ರಂದು ಲವಿಂಗ್ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, 16 ರಾಜ್ಯಗಳಲ್ಲಿ ಇನ್ನೂ ಉಳಿದಿದ್ದ ಇಂಥ ಮದುವೆಯ ನಿಷೇಧವನ್ನು ರದ್ದು ಮಾಡಿತು. ಜಾನ್‌ನ ತಂದೆ, ನಿವೃತ್ತ ಅಂಚೆಯವನು, ಹದಿನಾರೋ ಹದಿನೇಳೋ ರಾಜ್ಯಗಳಲ್ಲಿ ನಿಮ್ಮದು ಅಪರಾಧವಾಗುತ್ತದೆಂದು ಮಗನಿಗೆ ಎಚ್ಚರಿಸುವ ಮಾತು ಚಿತ್ರೀಕರಣದ ವೇಳೆಗೆ ನಿಜವಾಗಿತ್ತು. ಡಿಸೆಂಬರಿನಲ್ಲಿ ಚಿತ್ರ ತೆರೆ ಕಾಣುವಾಗ ಸುಳ್ಳಾಗಿತ್ತು. ನಡುವೆ ಸೆಪ್ಟೆಂಬರಿನಲ್ಲಿ ವಿದೇಶಾಂಗ ಸಚಿವ ಡೀನ್ ರಸ್ಕ್ ಅವರ ಮಗಳೇ ಕಪ್ಪು ಯುವಕನನ್ನು ಮದುವೆಯಾಗಿ 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಬಂದಳು.

ಕಾನೂನು ಬಿದ್ದರೂ ಜನಮನ ಅಲ್ಲೇ ಇತ್ತು. 1968ರ ಗ್ಯಾಲಪ್ ಸಮೀಕ್ಷೆಯಲ್ಲಿ ಇಂಥ ಮದುವೆಯನ್ನು ಒಪ್ಪಿದವರು ಶೇ. 20ರಷ್ಟು ಮಾತ್ರ. ಅದಕ್ಕೇ ಚಿತ್ರ ಎಲ್ಲ ಬಗೆಯ ವಿಮೆಯನ್ನೂ ಮಾಡಿಸಿಕೊಂಡಿತು. ಸಿಡ್ನಿ ಪಾಟಿಯೆ ನಟಿಸಿದ ಜಾನ್ ವಿಶ್ವ ಆರೋಗ್ಯ ಸಂಸ್ಥೆಗೆ ದುಡಿಯುವ ಹೆಸರಾಂತ ವೈದ್ಯ, ವಿಧುರ, ಹುಡುಗಿಯ ತಂದೆ ಒಪ್ಪದಿದ್ದರೆ ಹಿಂದೆ ಸರಿಯಲೂ ಸಿದ್ಧ. ಇಡೀ ಚಿತ್ರದ ಒಂದೇ ಮುತ್ತು ಟ್ಯಾಕ್ಸಿಯ ಕನ್ನಡಿಯಲ್ಲಿ, ಚಾಲಕನ ಕಣ್ಣಿಗೆ ಬಿದ್ದಂತೆ ಕಾಣುತ್ತದೆ. ಇನ್ನು ಟಿಲ್ಲಿಯೇ ಎಲ್ಲಕ್ಕಿಂತ ದೊಡ್ಡ ವಿಮೆ. ಕಪ್ಪು ಹೆಂಗಸೇ ಹೀಗೆ ಬೈಯುವಾಗ, ಬಿಳಿಯ ತಂದೆ ಮುಖ ಗಂಟಿಕ್ಕಿದರೆ ಅದನ್ನು ವರ್ಣದ್ವೇಷ ಎನ್ನಲಾದೀತೇ? ಜೋಯಿಯ ತಂದೆಯ ಹಿಂಜರಿಕೆ ಸಭ್ಯವಾಗಿ ಕಾಣಲು ಟಿಲ್ಲಿಯ ಒರಟುತನ ಬೇಕಾಗಿತ್ತು.

ಕಪ್ಪು ಹೆಂಗಸೊಬ್ಬಳು ಅಂದು ಇಂಥ ಸಂಬಂಧಕ್ಕೆ ಅಂಜಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ 14 ವರ್ಷದ ಎಮೆಟ್ ಟಿಲ್‌ನನ್ನು ಬಿಳಿ ಹೆಂಗಸಿನೊಡನೆ ಸಲಿಗೆಯಿಂದ ವರ್ತಿಸಿದನೆಂಬ ಆರೋಪಕ್ಕೆ ಕೊಂದು ನದಿಗೆ ಎಸೆದದ್ದು ಟಿಲ್ಲಿಯ ಪೀಳಿಗೆಗೆ ನಿನ್ನೆ ಮೊನ್ನೆಯ ಸಂಗತಿ. ವಿಲಿಯಂ ರೋಸ್ ಬರೆದ ಚಿತ್ರಕಥೆ ಆ ಭಯದ ಒಂದೆಳೆಯನ್ನಾದರೂ ಅವಳ ಬಾಯಿಗೆ ಕೊಟ್ಟಿದ್ದರೆ ದೃಶ್ಯ ಬೇರೆಯೇ ಆಗುತ್ತಿತ್ತು. ಬದಲಿಗೆ ಅವಳಿಗೆ ಸಿಕ್ಕಿದ್ದು ನಮ್ಮವರು ತಮ್ಮ ಅಳತೆ ಮೀರಬಾರದೆಂಬ ಅಸಹನೆ ಮಾತ್ರ. ಕೊನೆಯ ದೊಡ್ಡ ಭಾಷಣದ ವೇಳೆ ಯಜಮಾನ ಅವಳನ್ನು ಕರೆಸಿ ಕೂರಿಸುತ್ತಾನೆ, 22 ವರ್ಷಗಳಿಂದ ಈ ಮನೆಯವಳೇ ಎನ್ನುತ್ತಾನೆ. ಆಮೇಲೆ ಚಿತ್ರದ ಕಟ್ಟಕಡೆಯ ಮಾತಾಗಿ, ಊಟ ಯಾವಾಗ ಎಂದು ಕೇಳುತ್ತಾನೆ. ಮನೆಯವಳೇ ಅಂದಮೇಲೂ ಬಡಿಸಬೇಕಾದವಳು ಅವಳೇ. ಜಾನ್‌ನ ತಾಯಿಯಾಗಿ ಬೀ ರಿಚರ್ಡ್ಸ್ ಮೆಲುದನಿಯಲ್ಲಿ ಆಡುವ ಮಾತುಗಳಲ್ಲಿ ಮಾತ್ರ ಕಪ್ಪು ಹೆಂಗಸಿನ ವಿವೇಕ ಒಂದಿಷ್ಟು ಮುಖ ತೋರಿಸುತ್ತದೆ.

ಪಾಟಿಯೆಯ ಇಂಥ ಪಾತ್ರಗಳ ಟೀಕೆ ಚಿತ್ರ ತೆರೆ ಕಾಣುವ ಮುನ್ನವೇ ಶುರುವಾಗಿತ್ತು. ನಾಟಕಕಾರ ಕ್ಲಿಫರ್ಡ್ ಮೇಸನ್, ಬಿಳಿ ಅಮೆರಿಕ ಪಾಟಿಯೆಯನ್ನು ಅಷ್ಟೊಂದು ಮೆಚ್ಚುವುದೇಕೆಂದು 1967ರಲ್ಲೇ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಪ್ರಶ್ನಿಸಿದ್ದ. ಡೊನಾಲ್ಡ್ ಬೋಗಲ್ 1973ರ ಪುಸ್ತಕದಲ್ಲಿ ಮ್ಯಾಮಿಯೂ ಸೇರಿದಂತೆ ಹಾಲಿವುಡ್ಡಿನ ಕಪ್ಪು ಅಚ್ಚುಗಳನ್ನು ವಿಂಗಡಿಸಿದ. ಜೇಮ್ಸ್ ಬಾಲ್ಡ್ವಿನ್ 1976ರ 'ದಿ ಡೆವಿಲ್ ಫೈಂಡ್ಸ್ ವರ್ಕ್' ಕೃತಿಯಲ್ಲಿ ಈ ಚಿತ್ರವನ್ನು ಎಳೆಎಳೆಯಾಗಿ ಬಿಡಿಸಿದ.

ಆದರೆ ಟಿಲ್ಲಿಗೆ ಒಳ್ಳೆಯ ಉತ್ತರ ಬಂದದ್ದು ವಿಮರ್ಶೆಯಿಂದಲ್ಲ, ಅವಳ ಪಾತ್ರ ಮಾಡಿದ ಇಸಬೆಲ್ ಸ್ಯಾನ್‌ಫರ್ಡ್ ಅವರಿಂದಲೇ. 1975ರಿಂದ 1985ರವರೆಗೆ ನಡೆದ 'ದಿ ಜೆಫರ್ಸನ್ಸ್' ಎಂಬ ಟಿ.ವಿ. ಹಾಸ್ಯಮಾಲೆಯಲ್ಲಿ ಆಕೆ ಮ್ಯಾನ್‌ಹಟನ್ನಿನ ಐಷಾರಾಮಿ ಕಟ್ಟಡಕ್ಕೆ ಬಂದ ಕಪ್ಪು ವ್ಯಾಪಾರಿಯ ಹೆಂಡತಿ ಲೂಯಿಸ್. ಒಂದು ಕಾಲಕ್ಕೆ ಅವರಿವರ ಮನೆಗೆಲಸ ಮಾಡಿದವಳು, ಈಗ ಸ್ವತಃ ಯಜಮಾನಿ. ಮೊದಲ ಕಂತಿನಲ್ಲೇ ಕೆಲಸ ಕೇಳಿಕೊಂಡು ಬಂದ ಫ್ಲಾರೆನ್ಸ್, ಇಲ್ಲಿರುವ ಕಪ್ಪು ಹೆಂಗಸರು ಆಳುಗಳಲ್ಲ, ಒಡತಿಯರು ಎಂದು ತಿಳಿದು, ನಾವು ಗೆದ್ದದ್ದನ್ನು ನನಗೇಕೆ ಯಾರೂ ಹೇಳಲಿಲ್ಲ ಎಂದು ಕೇಳುತ್ತಾಳೆ. ನೆರೆಮನೆಯ ವಿಲಿಸ್ ದಂಪತಿ ಬಿಳಿ-ಕಪ್ಪು ಜೋಡಿ. ಅವರನ್ನು ಹಂಗಿಸುವವನು ಲೂಯಿಸ್‌ಳ ಗಂಡ, ಸಮಾಧಾನ ಮಾಡುವವಳು ಲೂಯಿಸ್. ಈ ಪಾತ್ರಕ್ಕೆ 1981ರಲ್ಲಿ ಸ್ಯಾನ್‌ಫರ್ಡ್‌ಗೆ ಎಮಿ ಪ್ರಶಸ್ತಿ ಬಂತು. ಹಾಸ್ಯಮಾಲೆಯ ಮುಖ್ಯ ನಟಿಯಾಗಿ ಅದನ್ನು ಗೆದ್ದ ಮೊದಲ ಕಪ್ಪು ಹೆಂಗಸು ಆಕೆ.

ತೊಂಬತ್ತರ ದಶಕದಲ್ಲಿ ಆಕ್ಷೇಪ ಅಡುಗೆಮನೆ ಬಿಟ್ಟು ಹೊರಬಂತು. ಸ್ಪೈಕ್ ಲೀ ತನ್ನ 'ಜಂಗಲ್ ಫೀವರ್' (1991) ಚಿತ್ರದಲ್ಲಿ, ಗಂಡ ಬಿಳಿ ಹೆಣ್ಣಿನ ಹಿಂದೆ ಹೋದಾಗ ಹೆಂಡತಿ ಮತ್ತವಳ ಗೆಳತಿಯರನ್ನು ಒಂದೆಡೆ ಕೂರಿಸಿ ಮಾತಾಡಲು ಬಿಟ್ಟ. ಮೈಬಣ್ಣದ ತರತಮ, ಒಂಟಿತನ, ಅವಮಾನ, ಎಲ್ಲವೂ ಅಲ್ಲಿ ಹೊರಬರುತ್ತವೆ. ಟಿಲ್ಲಿಗೆ ನಿರಾಕರಿಸಿದ್ದ ಕಾರಣಗಳು ಇವೇ. ಅದೇ ವರ್ಷ ಮೀರಾ ನಾಯರ್ 'ಮಿಸಿಸಿಪ್ಪಿ ಮಸಾಲಾ' ತೆಗೆದು ಬಿಳಿಯರನ್ನೇ ಬದಿಗೆ ಸರಿಸಿದರು: ಉಗಾಂಡಾದಿಂದ ಈದಿ ಅಮೀನ್ ಓಡಿಸಿದ ಭಾರತೀಯ ಕುಟುಂಬದ ಹುಡುಗಿ, ಕಪ್ಪು ಹುಡುಗ, ಮೋಟೆಲು ನಡೆಸುವ ನಮ್ಮವರ ಆಕ್ರೋಶ. ವರ್ಣದ್ವೇಷ ಬಿಳಿಯರ ಸೊತ್ತೆಂದು ನಂಬಿ ಕೂತ ಭಾರತೀಯ ನೋಡುಗರಿಗೆ ಅದು ಹಿತವಾದ ಚಿತ್ರವೇನಲ್ಲ.

ಚೆರಿಲ್ ಡನ್ಯೆಯ 'ದಿ ವಾಟರ್‌ಮೆಲನ್ ವುಮನ್' (1996) ಇವೆಲ್ಲಕ್ಕಿಂತ ಜಾಣ ಚಿತ್ರ. ಹಳೆಯ ಚಿತ್ರಗಳಲ್ಲಿ ಮ್ಯಾಮಿಯಾಗಿ ನಟಿಸಿದ ಒಬ್ಬಾಕೆಯ ಬೆನ್ನುಹತ್ತುವ ಕಪ್ಪು ಯುವತಿಗೆ, ಆ ನಟಿ ತನ್ನ ಬಿಳಿ ನಿರ್ದೇಶಕಿಯ ಪ್ರೇಯಸಿಯಾಗಿದ್ದಳೆಂದು ತಿಳಿಯುತ್ತದೆ. ಹುಡುಕುವವಳೂ ಬಿಳಿ ಹುಡುಗಿಯನ್ನು ಪ್ರೀತಿಸುತ್ತಾಳೆ, ಅವಳ ಕಪ್ಪು ಗೆಳತಿ ಅದಕ್ಕೆ ಸಿಡಿಮಿಡಿಗೊಳ್ಳುತ್ತಾಳೆ. ಆ ಹಳೆಯ ನಟಿ ಪೂರ್ತಿ ಕಲ್ಪನೆ. ದಾಖಲೆಗಳಲ್ಲಿ ಅಂಥವರ ಬದುಕು ಸಿಗದ್ದರಿಂದ ಡನ್ಯೆ ಫೋಟೊಗಳ ಸಮೇತ ಅವಳನ್ನು ಸೃಷ್ಟಿಸಿದಳು.

2005ರ 'ಗೆಸ್ ಹೂ' ಕ್ರೇಮರ್‌ನ ಕಥೆಯನ್ನು ತಿರುವುಮುರುವು ಮಾಡಿ ನಗಿಸಲು ಹೊರಟಿತು, ಅಷ್ಟೇ. 'ದಿ ಹೆಲ್ಪ್' (2011) ಕೆಲಸದಾಕೆಯರನ್ನು ನಡುಮನೆಗೆ ತಂದು ಆಕ್ಟೇವಿಯಾ ಸ್ಪೆನ್ಸರ್‌ಗೆ ಆಸ್ಕರ್ ಕೊಡಿಸಿತು. ಆದರೆ ಅದರಲ್ಲಿ ಕೆಲಸದಾಕೆಯರ ದನಿಯೇ ಕೇಳಿಸಲಿಲ್ಲವೆಂದು ನಾಯಕಿ ವಯೋಲಾ ಡೇವಿಸ್ ಮುಂದೆ ಪರಿತಪಿಸಿದರು.

ಕ್ರೇಮರ್‌ಗೆ ನೇರ ಜವಾಬು ಐವತ್ತು ವರ್ಷಗಳ ಮೇಲೆ ಬಂತು. ಜೋರ್ಡನ್ ಪೀಲ್‌ನ 'ಗೆಟ್ ಔಟ್' (2017) ಅದೇ ಊಟದ ಮನೆಯನ್ನು ಭಯಾನಕ ಚಿತ್ರವಾಗಿಸಿತು. ಬಿಳಿ ಪ್ರೇಯಸಿಯ ಉದಾರವಾದಿ ತಂದೆ, ಒಬಾಮಾಗೆ ಮೂರನೆಯ ಬಾರಿಯೂ ಮತ ಹಾಕುತ್ತಿದ್ದೆ ಎನ್ನುತ್ತಾನೆ. ಮನೆಗೆಲಸದ ಜಾರ್ಜಿನಾ ನಗುತ್ತಲೇ ಕಣ್ಣೀರು ಸುರಿಸುತ್ತ ಇಲ್ಲ, ಇಲ್ಲ ಎನ್ನುತ್ತ ಹೋಗುತ್ತಾಳೆ. ಅವಳ ಮೈಯೊಳಗೆ ಕೂತಿರುವುದು ಆ ಮನೆಯ ಬಿಳಿ ಅಜ್ಜಿ. ಜಾರ್ಜಿನಾಳೂ ಹಿಂದೊಮ್ಮೆ ಅದೇ ಪ್ರೇಯಸಿಯ ಬಲೆಗೆ ಬಿದ್ದು ಬಂದವಳೆಂದು ಆಮೇಲೆ ಒಂದು ಫೋಟೊ ಹೇಳುತ್ತದೆ. ಕಪ್ಪು ಕೆಲಸದಾಕೆಯ ಬಾಯಲ್ಲಿ ಮನೆಯವರ ಮಾತು ತುಂಬುವ ಹಾಲಿವುಡ್ಡಿನ ಹಳೆಯ ಚಾಳಿಯನ್ನು ಪೀಲ್ ಅಕ್ಷರಶಃ ಕಥೆಯಾಗಿಸಿದ.

ಟಿಲ್ಲಿಯ ಮಾತುಗಳನ್ನು ಬರೆದ ವಿಲಿಯಂ ರೋಸ್‌ಗೆ 1968ರಲ್ಲಿ ಸ್ವತಂತ್ರ ಚಿತ್ರಕಥೆಯ ಆಸ್ಕರ್ ಸಂದಿತ್ತು. 2018ರಲ್ಲಿ ಅದೇ ವಿಭಾಗದ ಆಸ್ಕರ್ ಪೀಲ್‌ಗೆ ಬಂತು. ಅದನ್ನು ಗೆದ್ದ ಮೊದಲ ಕಪ್ಪು ಬರಹಗಾರ ಅವನು.