ಅಮ್ಮನ ಮುಖ, ಮಣ್ಣಿನ ತಟ್ಟೆ

ನಮ್ಮಮ್ಮನದು ಇರುವುದು ಒಂದೇ ಫೋಟೋ. ಮಳೆಗಾಲದ ತೇವಕ್ಕೆ ಅಂಚು ಮಬ್ಬಾಗಿ, ಮಬ್ಬು ಮುಖದವರೆಗೂ ಹರಿಯತೊಡಗಿತ್ತು. ಮಣ್ಣಿನ ಕೆಲಸ ಕಲಿತ ಮಗಳು ಕುವೆಂಪುನಗರದ ನಮ್ಮ ಮನೆಗೆ ಬಂದವಳು, "ತಟ್ಟೆಯ ಮೇಲೆ ಸುಡೋಣಮ್ಮ" ಎಂದಳು. ಅಮ್ಮನನ್ನು ಸುಡುವುದೇ! ಎದೆ ಧಸಕ್ಕೆಂದಿತು. ಸುಡುವುದು ಪ್ರತಿಯನ್ನಂತೆ.

ಇದು ಹೊಸ ವಿದ್ಯೆಯಲ್ಲ. 1854ರಲ್ಲೇ ಫ್ರಾನ್ಸಿನ ಲಫಾನ್ ದ ಕಮಾರ್ಸಾಕ್ ಪಿಂಗಾಣಿಯ ಮೇಲೆ ಫೋಟೋ ಸುಟ್ಟು ಉಳಿಸುವ ಕ್ರಮಕ್ಕೆ ಪೇಟೆಂಟ್ ಪಡೆದಿದ್ದ. ಮೈಸೂರು ಸಂಸ್ಥಾನವೂ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸಿತು. ಆದರೆ ಅದರ ಹೆಸರು ವಿದ್ಯುತ್ ಕಂಬದ ಇನ್ಸುಲೇಟರುಗಳಿಗೆ, ಅಮ್ಮಂದಿರ ಮುಖಕ್ಕಲ್ಲ!

ಕೆಲವು ಲೇಸರ್ ಪ್ರಿಂಟರುಗಳ ಕಪ್ಪುಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಡೆಕಾಲ್ ಕಾಗದದ ಮೇಲೆ ಮುದ್ರಿಸಿ, ನೀರಿನಲ್ಲಿ ನೆನೆಸಿ, ಮೆರುಗು ಹಾಕಿ ಸುಟ್ಟ ತಟ್ಟೆಯ ಮೇಲೆ ಜಾರಿಸಿ, ಒಣಗಿದ ಮೇಲೆ ಮತ್ತೆ ಸುಡಬೇಕು. ಉಳಿದದ್ದೆಲ್ಲ ಉರಿದು, ಕಬ್ಬಿಣವೊಂದು ಮೆರುಗಿನೊಳಗೆ ಕಂದಾಗಿ ನಿಲ್ಲುತ್ತದೆ. ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವುದೂ ಕಬ್ಬಿಣವೇ.

ಮೊದಲ ತಟ್ಟೆಯಲ್ಲಿ ನಾನು ಒತ್ತದೆ ಬಿಟ್ಟ ಗಾಳಿಗುಳ್ಳೆಯಿಂದ ಅಮ್ಮನ ಕೆನ್ನೆ ಹರಿಯಿತು. ಆ ರಾತ್ರಿ ನಿದ್ದೆಯಿಲ್ಲ. ಎರಡನೆಯದರಲ್ಲಿ ಬಂದಳು. ಮೂಗುಬೊಟ್ಟು ಮಾತ್ರ ಕಾಣದು. ಫೋಟೋದಲ್ಲೂ ಅದು ಮಸುಕೇ. ಹರಿದ ತಟ್ಟೆಯನ್ನೂ ಎಸೆದಿಲ್ಲ, ಅಟ್ಟದ ಮೇಲಿದೆ.