ಹಾವುಮೀನು ಮರಿಗಳ ಆಹಾರ ಮತ್ತು ವಲಸೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಪಡೆಯಲು ಅಥವಾ ಸ್ವಂತ ಜಮೀನಿನ ಕೊಳದಲ್ಲಿ ಮೀನು ಕೃಷಿ ಕೈಗೊಳ್ಳಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹಾವುಮೀನಿನ ಮರಿ ಎಲ್ಲಿ ಹುಟ್ಟುತ್ತದೆ, ಏನನ್ನು ತಿನ್ನುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ತಿಳಿಯದೆ ಅದರ ಸಾಕಾಣಿಕೆಗೆ ಹಣ ಹೂಡುವುದು ಸೂಕ್ತವಲ್ಲ.

ಒಂದೇ ಹೆಸರು, ಎರಡು ಬಗೆಯ ಮೀನು

ಹಾವಿನಂತೆ ನೀಳವಾದ ಮೈಯುಳ್ಳ ಹಲವು ಮೀನುಗಳನ್ನು ಜನರು ಹಾವುಮೀನು ಎಂದೇ ಕರೆಯುವರು. ಇವುಗಳಲ್ಲಿ ಎರಡನ್ನು ಪ್ರತ್ಯೇಕವಾಗಿ ಗುರುತಿಸುವುದು ಅವಶ್ಯ. ಮೊದಲನೆಯದು ಈಲ್ ಎಂದು ಪ್ರಸಿದ್ಧವಾದ ನಿಜವಾದ ಹಾವುಮೀನು. ಭಾರತದ ನದಿಗಳಲ್ಲಿ ಕಂಡುಬರುವ ಇದರ ಮುಖ್ಯ ಜಾತಿಗೆ ಅಂಗ್ವಿಲ್ಲ ಬೆಂಗಾಲೆನ್ಸಿಸ್ ಎಂದು ವೈಜ್ಞಾನಿಕ ಹೆಸರಿದೆ. ಇದರ ಬೆನ್ನಿನ ರೆಕ್ಕೆ, ಬಾಲ ಮತ್ತು ಹೊಟ್ಟೆಯ ಕಡೆಯ ರೆಕ್ಕೆ ಒಂದೇ ಪಟ್ಟಿಯಾಗಿ ಕೂಡಿರುತ್ತವೆ. ಬೆನ್ನಿನ ಮೇಲೆ ಮುಳ್ಳುಗಳಿರುವುದಿಲ್ಲ. ಎರಡನೆಯದು ಮುಳ್ಳು ಹಾವುಮೀನು, ಅಂದರೆ ಮ್ಯಾಸ್ಟಸೆಂಬೆಲಸ್ ಆರ್ಮೇಟಸ್ ಮತ್ತು ಅದರ ಹತ್ತಿರದ ಜಾತಿಗಳು. ಇದರ ಮೂತಿ ಚೂಪಾಗಿದ್ದು ತುದಿಯಲ್ಲಿ ಮಾಂಸದ ಸಣ್ಣ ಮೊನೆ ಇರುತ್ತದೆ. ಬೆನ್ನಿನುದ್ದಕ್ಕೂ ಬಿಡಿ ಮುಳ್ಳುಗಳ ಸಾಲಿದ್ದು, ಬರಿಗೈಯಲ್ಲಿ ಹಿಡಿದವರಿಗೆ ಅದು ಕೂಡಲೇ ತಿಳಿಯುತ್ತದೆ.

ಈ ಎರಡೂ ಹಾವುಗಳಲ್ಲ. ಕಿವಿರು ಮತ್ತು ರೆಕ್ಕೆಗಳಿರುವುದನ್ನು ನೋಡಿ ಖಚಿತಪಡಿಸಿಕೊಳ್ಳಬಹುದು. ಬಲೆಗೆ ಸಿಕ್ಕಿದ ಕೂಡಲೇ ಹೊಡೆದು ಕೊಲ್ಲುವ ರೂಢಿ ಅನಾವಶ್ಯಕವಾದುದು. ನೀರೊಳ್ಳೆ ಹಾವಿಗೂ ವಿಷವಿಲ್ಲವೆಂಬುದನ್ನು ಇಲ್ಲಿ ನೆನಪಿಸಬಹುದು.

ಎರಡು ಮೀನುಗಳ ನಡುವಿನ ಅತಿ ದೊಡ್ಡ ವ್ಯತ್ಯಾಸ ಹುಟ್ಟಿನಲ್ಲಿದೆ. ಮುಳ್ಳು ಹಾವುಮೀನು ಸಿಹಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ನಿಜವಾದ ಹಾವುಮೀನು ಸಮುದ್ರದಲ್ಲಿ ಮಾತ್ರ ಮೊಟ್ಟೆಯಿಡುತ್ತದೆ.

ಸಮುದ್ರದಿಂದ ನದಿಗೆ

ನಿಜವಾದ ಹಾವುಮೀನಿನ ಮೊಟ್ಟೆಯಿಂದ ಹೊರಬರುವ ಮರಿಯು ಎಲೆಯಂತೆ ಚಪ್ಪಟೆಯಾಗಿ, ಗಾಜಿನಂತೆ ಪಾರದರ್ಶಕವಾಗಿರುತ್ತದೆ. ತಾಯಿಯನ್ನು ಯಾವ ರೀತಿಯಲ್ಲಿಯೂ ಹೋಲದ ಇದನ್ನು ವಿಜ್ಞಾನಿಗಳು ಬಹುಕಾಲ ಬೇರೆಯೇ ಮೀನೆಂದು ಭಾವಿಸಿದ್ದರು. ಇದು ಹಾವುಮೀನಿನ ಮರಿಯೆಂಬುದನ್ನು 1890ರ ದಶಕದಲ್ಲಿ ಇಟಲಿಯ ಗ್ರಾಸ್ಸಿ ಮತ್ತು ಕಲಾಂದ್ರುಚ್ಚೊ ತೋರಿಸಿಕೊಟ್ಟರು. ಯೂರೋಪಿನ ಹಾವುಮೀನು ಅಟ್ಲಾಂಟಿಕ್ ಸಾಗರದ ಸರ್ಗಾಸೊ ಸಮುದ್ರದಲ್ಲಿ ಹುಟ್ಟುತ್ತದೆಂದು ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ 1922ರಲ್ಲಿ ಪ್ರಕಟಿಸಿದರು. 1928ರಿಂದ 1930ರವರೆಗೆ ನಡೆದ ಡಾನಾ ಹಡಗಿನ ಯಾನದಲ್ಲಿ ಹಿಂದೂ ಮಹಾಸಾಗರದಲ್ಲಿಯೂ, ಸುಮಾತ್ರಾ ದ್ವೀಪದ ಪಶ್ಚಿಮಕ್ಕೆ, ಹಾವುಮೀನಿನ ಎಲೆಮರಿಗಳು ದೊರೆತವು.

ಈ ಹಂತದಲ್ಲಿ ಮರಿಯು ಬೇಟೆಯಾಡುವುದಿಲ್ಲ. ಸಾಗರದ ಮೇಲ್ಪದರದಿಂದ ಕೆಳಕ್ಕೆ ಉದುರುವ ಸೂಕ್ಷ್ಮ ಜೀವಿಗಳ ಅವಶೇಷ, ಲೋಳೆ ಮತ್ತು ಮಲದ ಕಣಗಳೇ ಇದರ ಆಹಾರ. ಇದನ್ನು ಕೃತಕವಾಗಿ ಒದಗಿಸುವುದು ಬಹು ಕಷ್ಟ. ಜಪಾನಿನ ಪ್ರಯೋಗಾಲಯಗಳಲ್ಲಿ ಶಾರ್ಕ್ ಮೀನಿನ ಮೊಟ್ಟೆಯ ಹಳದಿ ಭಾಗದಿಂದ ತಯಾರಿಸಿದ ಆಹಾರವನ್ನು ನೀಡಿ ಮರಿಗಳನ್ನು ಬೆಳೆಸಲಾಯಿತೆಂಬುದು ಆ ಕಷ್ಟವನ್ನು ಸೂಚಿಸುತ್ತದೆ.

ತಿಂಗಳುಗಟ್ಟಲೆ ಪ್ರವಾಹದೊಡನೆ ತೇಲಿ ಕರಾವಳಿಯನ್ನು ತಲುಪುವ ವೇಳೆಗೆ ಮರಿಯ ದೇಹವು ಕುಗ್ಗಿ ದುಂಡಗಾಗುತ್ತದೆ. ಸುಮಾರು 5ರಿಂದ 7 ಸೆಂಟಿಮೀಟರ್ ಉದ್ದದ, ಇನ್ನೂ ಪಾರದರ್ಶಕವಾಗಿರುವ ಇದನ್ನು ಗಾಜುಮರಿ ಎನ್ನಬಹುದು. ಈ ರೂಪಾಂತರದ ಅವಧಿಯಲ್ಲಿ ಮರಿ ಬಹುಮಟ್ಟಿಗೆ ಉಪವಾಸವಿರುತ್ತದೆ. ಅಳಿವೆಯಲ್ಲಿ ಅದು ತನ್ನ ಶಕ್ತಿಯನ್ನು ಉಳಿಸುವ ಕ್ರಮ ಗಮನಾರ್ಹವಾದುದು: ಉಬ್ಬರದ ವೇಳೆ ಮೇಲಕ್ಕೆ ಬಂದು ನೀರಿನೊಡನೆ ಒಳನಾಡಿನತ್ತ ಸಾಗುತ್ತದೆ, ಇಳಿತದ ವೇಳೆ ತಳಕ್ಕಿಳಿದು ಮರಳಿನಲ್ಲಿ ಅಡಗುತ್ತದೆ. ಸಿಹಿನೀರಿನ ದಿಕ್ಕನ್ನು ವಾಸನೆಯಿಂದಲೂ ಅರಿಯುತ್ತದೆ. ಮಳೆ ಬಿದ್ದಾಗ ನೆಲದಿಂದ ಏಳುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವು ಗಾಜುಮರಿಗಳನ್ನು ಆಕರ್ಷಿಸುತ್ತದೆಂದು ಇಟಲಿಯಲ್ಲಿ ನಡೆದ ಪ್ರಯೋಗಗಳಿಂದ ತಿಳಿದುಬಂದಿದೆ.

ಸಿಹಿನೀರು ಸೇರಿದ ಮೇಲೆ ಮೈಗೆ ಬಣ್ಣ ಬರುತ್ತದೆ ಮತ್ತು ಹಸಿವು ಆರಂಭವಾಗುತ್ತದೆ. ಮೊದಲು ನೀರಿನ ಸಣ್ಣ ಕೀಟಗಳ ಮರಿಹುಳು, ಎರೆಹುಳು ಜಾತಿಯ ಹುಳುಗಳು ಮತ್ತು ಸೂಕ್ಷ್ಮ ಸಿಗಡಿಗಳನ್ನು ತಿನ್ನುತ್ತವೆ. ಬೆಳೆದಂತೆ ಏಡಿ, ಕಪ್ಪೆ ಮತ್ತು ಮೀನುಗಳನ್ನು ಹಿಡಿಯುತ್ತವೆ. ಆಹಾರ ಹುಡುಕುವುದು ಹೆಚ್ಚಾಗಿ ರಾತ್ರಿಯ ವೇಳೆ. ಹಗಲಿನಲ್ಲಿ ಕಲ್ಲು, ಬೇರು ಅಥವಾ ಕೆಸರಿನಡಿಯಲ್ಲಿ ಇರುತ್ತವೆ. ಇಕ್ಕಟ್ಟಿನಲ್ಲಿ ದೊಡ್ಡ ಮರಿಯು ಚಿಕ್ಕ ಮರಿಯನ್ನು ತಿನ್ನುವುದೂ ಉಂಟು. ಹಲವು ವರ್ಷ ನದಿಯಲ್ಲಿ ಬೆಳೆದ ನಂತರ ಮೀನು ಆಹಾರವನ್ನು ತ್ಯಜಿಸಿ, ಕಣ್ಣುಗಳು ದೊಡ್ಡದಾಗಿ, ಮೊಟ್ಟೆಯಿಡಲು ಸಮುದ್ರಕ್ಕೆ ಹಿಂದಿರುಗುತ್ತದೆ.

ನಾಲ್ಕು ತಾಲ್ಲೂಕುಗಳಿಗೆ ದಾರಿ ಯಾವುದು

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿಯು ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು, ಆಂಧ್ರಪ್ರದೇಶದ ಪರಿಗಿಯ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯೂ ಉತ್ತರ ಪಿನಾಕಿನಿಯ ದಡದಲ್ಲಿದೆ. ಈ ನದಿ ಸುಮಾರು 597 ಕಿ.ಮೀ. ಹರಿದು ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆದುದರಿಂದ ಸಮುದ್ರದಿಂದ ಹೊರಟ ಮರಿಯೊಂದು ನಾಗಲಮಡಿಕೆಗೆ ಬರಬೇಕಾದರೆ ನೆಲ್ಲೂರು ಮತ್ತು ಸಂಗಂ ಬ್ಯಾರೇಜು, ಸೋಮಶಿಲ, ಮೈಲವರಂ, ಗಂಡಿಕೋಟ, ಮಧ್ಯ ಪೆನ್ನಾರ್ ಜಲಾಶಯಗಳನ್ನು ದಾಟಬೇಕು. ನಡುವಿನ ನದಿಪಾತ್ರವು ವರ್ಷದ ಬಹುಭಾಗ ಒಣ ಮರಳಾಗಿರುತ್ತದೆ.

ಶಿರಾ ತಾಲ್ಲೂಕಿನ ಹಳ್ಳಗಳ ನೀರು ಬಹುತೇಕ ವೇದಾವತಿ, ತುಂಗಭದ್ರಾ ಮಾರ್ಗವಾಗಿ ಕೃಷ್ಣಾ ನದಿಗೆ ಸೇರುತ್ತದೆ. ಆ ಮಾರ್ಗದಲ್ಲಿ ವಿಜಯವಾಡದ ಪ್ರಕಾಶಂ ಬ್ಯಾರೇಜು, ಪುಲಿಚಿಂತಲ, 124 ಮೀಟರ್ ಎತ್ತರದ ನಾಗಾರ್ಜುನಸಾಗರ, 145 ಮೀಟರ್ ಎತ್ತರದ ಶ್ರೀಶೈಲ, ಸುಂಕೇಸುಲ ಮತ್ತು ಭೈರವಾನಿತಿಪ್ಪ ಅಡ್ಡವಾಗಿವೆ. ಕಳ್ಳಂಬೆಳ್ಳ ಮತ್ತು ಶಿರಾ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ಬರುತ್ತದಾದರೂ ಅದು ಕಾವೇರಿ ಕಣಿವೆಯ ನೀರು. ಅಲ್ಲಿ ಮೆಟ್ಟೂರು, ಕೃಷ್ಣರಾಜಸಾಗರ ಮತ್ತು ಗೊರೂರು ಅಣೆಕಟ್ಟುಗಳಿವೆ. ಹಾವುಮೀನಿನ ಎಳೆಯ ಮರಿಗಳು ತೇವವಿರುವ ಗೋಡೆಗೆ ಮೈ ಅಂಟಿಸಿ ಸ್ವಲ್ಪಮಟ್ಟಿಗೆ ಏರಬಲ್ಲವು. ಬೆಳೆದು ತೂಕ ಹೆಚ್ಚಿದ ಮೇಲೆ ಆ ಸಾಮರ್ಥ್ಯ ಉಳಿಯುವುದಿಲ್ಲ. ಯೂರೋಪ್ ಮತ್ತು ಜಪಾನಿನ ಕೆಲವು ಅಣೆಕಟ್ಟುಗಳಲ್ಲಿ ಇವುಗಳಿಗಾಗಿಯೇ ಒರಟು ತಳದ ಇಳಿಜಾರು ದಾರಿಗಳನ್ನು ನಿರ್ಮಿಸಲಾಗಿದೆ.

ಹೀಗಿರುವಾಗ ಮಧುಗಿರಿ ಅಥವಾ ಪಾವಗಡದ ಕೆರೆಯಲ್ಲಿ ಬಲೆಗೆ ಬಿದ್ದ ಹಾವುಮೀನನ್ನು ಸಮುದ್ರದಿಂದ ಬಂದದ್ದೆಂದು ಭಾವಿಸುವ ಮೊದಲು ಅದರ ಬೆನ್ನನ್ನು ಪರೀಕ್ಷಿಸತಕ್ಕದ್ದು. ಮುಳ್ಳಿನ ಸಾಲಿದ್ದಲ್ಲಿ ಅದು ಸ್ಥಳೀಯ ಮುಳ್ಳು ಹಾವುಮೀನು. ಇದರ ಮರಿಗಳೂ ಕೆಸರಿನಲ್ಲಿ ಹುದುಗಿದ್ದು ರಾತ್ರಿ ಹೊತ್ತು ಹುಳು, ಕೀಟಗಳ ಮರಿಹುಳು ತಿನ್ನುತ್ತವೆ. ಇವುಗಳ ಓಡಾಟ ಕೆರೆ, ಹಳ್ಳ, ಕಾಲುವೆಗಳಿಗೆ ಸೀಮಿತ. 2021 ಮತ್ತು 2022ರಂತೆ ಮಳೆ ಹೆಚ್ಚಾಗಿ ಕೆರೆಗಳು ಕೋಡಿ ಬಿದ್ದು ಜಯಮಂಗಲಿ ತುಂಬಿ ಹರಿದ ವರ್ಷಗಳಲ್ಲಿ ಕೆರೆಯಿಂದ ಕೆರೆಗೆ ಮೀನುಗಳು ಹರಡಲು ಅವಕಾಶವಾಗುತ್ತದೆ.

ಬಿತ್ತನೆ ಮರಿ ಖರೀದಿಸುವವರ ಗಮನಕ್ಕೆ

ಕಾಟ್ಲಾ, ರೋಹು, ಮೃಗಾಲ್ ಮರಿಗಳು ಇಂದು ಸುಲಭವಾಗಿ ದೊರೆಯುವುದಕ್ಕೆ ಕಾರಣವಿದೆ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಚೋದಕ ದ್ರವ್ಯದ ಚುಚ್ಚುಮದ್ದಿನಿಂದ ಭಾರತೀಯ ಗೆಂಡೆ ಮೀನುಗಳು ಮೊಟ್ಟೆಯಿಡುವಂತೆ ಮಾಡಿದರು. ಹಾವುಮೀನಿನ ವಿಷಯದಲ್ಲಿ ಅಂತಹ ಅನುಕೂಲವಿಲ್ಲ. ಜಪಾನಿನಲ್ಲಿ 2010ರಲ್ಲಿ ಪ್ರಯೋಗಾಲಯದಲ್ಲಿಯೇ ಜೀವನಚಕ್ರವನ್ನು ಪೂರ್ಣಗೊಳಿಸಲಾಯಿತಾದರೂ, ಜಗತ್ತಿನ ಹಾವುಮೀನು ಸಾಕಾಣಿಕೆಯು ಇಂದಿಗೂ ಬಹುತೇಕ ಸಮುದ್ರದ ಅಳಿವೆಗಳಲ್ಲಿ ಹಿಡಿದ ಗಾಜುಮರಿಗಳನ್ನೇ ಅವಲಂಬಿಸಿದೆ. ಈ ಕಾರಣದಿಂದ ಮರಿಯ ಬೆಲೆ ಹೆಚ್ಚು. ಯೂರೋಪಿನ ಹಾವುಮೀನು ತೀವ್ರ ಅಪಾಯಕ್ಕೊಳಗಾದ ಜಾತಿಯೆಂದು ಗುರುತಿಸಲ್ಪಟ್ಟಿದ್ದು, 2009ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ನಿಯಂತ್ರಣಕ್ಕೊಳಪಟ್ಟಿದೆ.

ಆದ್ದರಿಂದ ಹ್ಯಾಚರಿಯಲ್ಲಿ ಉತ್ಪಾದಿಸಿದ ಹಾವುಮೀನು ಮರಿಯೆಂದು ಹೇಳಿ ಮುಂಗಡ ಹಣ ಕೇಳುವವರಲ್ಲಿ ಮರಿಯ ಮೂಲದ ದಾಖಲೆಯನ್ನು ಕೇಳತಕ್ಕದ್ದು. ದಾಖಲೆಯಿಲ್ಲದಿದ್ದಲ್ಲಿ ಹಣ ನೀಡಬಾರದು. ಮರಿ ನಿಜವಾದುದೇ ಆಗಿದ್ದರೂ, ಅದು ಮಾಂಸಾಹಾರಿ. ಗೆಂಡೆ ಮರಿಗಳ ಜೊತೆಯಲ್ಲಿ ಬಿಟ್ಟಲ್ಲಿ ಗೆಂಡೆ ಮರಿಗಳೇ ಅದರ ಆಹಾರವಾಗುತ್ತವೆ. ಪ್ರತ್ಯೇಕವಾಗಿ ಸಾಕಿದಲ್ಲಿ ಪ್ರಾಣಿಜನ್ಯ ಆಹಾರದ ವೆಚ್ಚ ಮತ್ತು ವರ್ಷವಿಡೀ ನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಕೊಳವೆಬಾವಿಯೇ ಬತ್ತುವ ಪಾವಗಡದಂತಹ ಕಡೆ ಈ ಖರ್ಚನ್ನು ಕಾಗದದ ಮೇಲೆ ಬರೆದು ನೋಡಿದರೆ ಸಾಕು, ಬೇರೆ ಸಲಹೆ ಬೇಕಾಗುವುದಿಲ್ಲ.

ಕೆರೆಯಲ್ಲಿ ಸಿಕ್ಕಿದ ಮೀನನ್ನು ಆಹಾರವಾಗಿ ಬಳಸುವವರು ಚೆನ್ನಾಗಿ ಬೇಯಿಸಿಯೇ ಬಳಸಬೇಕು. ನಿಜವಾದ ಹಾವುಮೀನಿನ ಹಸಿ ರಕ್ತದಲ್ಲಿ ವಿಷಕಾರಿ ಅಂಶವಿದ್ದು, ಬೇಯಿಸಿದಾಗ ಅದು ನಾಶವಾಗುತ್ತದೆ. ಸ್ವಚ್ಛಗೊಳಿಸುವಾಗ ರಕ್ತವು ಕಣ್ಣಿಗೆ ಅಥವಾ ಗಾಯಕ್ಕೆ ತಾಗದಂತೆ ಎಚ್ಚರವಹಿಸಬೇಕು.

ಒಳನಾಡು ನೀರಿನಲ್ಲಿ ಸಿಡಿಮದ್ದು ಸಿಡಿಸಿ ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಅಪರಾಧವೆಂದು ಪರಿಗಣಿಸಲಾಗಿದೆ. ಕೆಸರಿನಲ್ಲಿ ಅಡಗುವ ಮರಿಗಳಿಗೆ ಇಂತಹ ಕ್ರಮದಿಂದ ಆಗುವ ಹಾನಿ ಮೇಲೆ ತೇಲುವ ಮೀನುಗಳನ್ನು ಎಣಿಸಿದರೆ ತಿಳಿಯುವಂಥದಲ್ಲ.

ಪಾಶುವಾರು ಹಕ್ಕು ಮತ್ತು ಗೆಂಡೆ ಬಿತ್ತನೆ ಮರಿಗಳಿಗಾಗಿ ಅರ್ಜಿಯನ್ನು ಆಯಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಿ ಸಲ್ಲಿಸುವುದು. ಕೆರೆಯು ಗ್ರಾಮ ಪಂಚಾಯಿತಿಯ ಅಧೀನದಲ್ಲಿದ್ದಲ್ಲಿ ಸಂಬಂಧಪಟ್ಟ ಪಂಚಾಯಿತಿಯನ್ನು ಸಂಪರ್ಕಿಸುವುದು. ಬೆನ್ನಿನಲ್ಲಿ ಮುಳ್ಳಿನ ಸಾಲಿಲ್ಲದ ಹಾವುಮೀನು ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಡುಬಂದಲ್ಲಿ, ಅಳತೆಪಟ್ಟಿಯನ್ನು ಪಕ್ಕದಲ್ಲಿರಿಸಿ ಛಾಯಾಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕದೊಂದಿಗೆ ಅದೇ ಕಛೇರಿಗೆ ತಿಳಿಸಲು ಕೋರಲಾಗಿದೆ.